ಪಿಯಾನೋದೊಳಗಿನ ಸದ್ದು

ಕಂಬಳಿ ಸುತ್ತಿ ಕೊನೆಯ ಪಟ್ಟಿ ಬಿಗಿದ ಮೇಲೆ ಸಾಮಾನು ಸಾಗಿಸುವ ಎಕ್‌ಹಾರ್ಟ್ ವಾಡಿಕೆಯಂತೆ ಪಿಯಾನೋವನ್ನು ಒಮ್ಮೆ ಅಲುಗಿಸಿ ಕಿವಿಗೊಟ್ಟ. ಒಳಗೇನೋ ಟಣಕ್ ಎಂದಿತು.

"ಬಿಚ್ರೋ," ಎಂದ. ಲೈಪ್‌ಜಿಗ್‌ನಿಂದ ನಾರ್ವೆಯ ತುದಿಗೆ ಹೊರಟ ಪಿಯಾನೋ ಅದು. ಸದ್ದು ಮಾಡುವ ಪಿಯಾನೋವನ್ನು ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಲಾರಿಗೆ ಹತ್ತಿಸಿದವನಲ್ಲ. ಜೊತೆಯವರು ಗೊಣಗುತ್ತಲೇ ಬಿಚ್ಚಿದರು. ಕೆಳಗಿನ ಹಲಗೆ ತೆಗೆದು ಕೈಯಾಡಿಸಿದಾಗ ಪೆಡಲುಗಳ ಹಿಂದೆ ಸಿಕ್ಕಿದ್ದು ಉಡುಪಿಗೆ ಚುಚ್ಚಿಕೊಳ್ಳುವ ಒಂದು ಬೆಳ್ಳಿಯ ಬ್ರೋಚು.

ಮನೆಯೊಡತಿ ರೊಸ್ವಿತಾ ಅದನ್ನು ಕೈಗೆ ತೆಗೆದುಕೊಂಡಳು. "ನಮ್ಮಮ್ಮಂದು. ತಂಗೀನೇ ಕದ್ದಳು ಅಂತ ಊರೆಲ್ಲ ಹೇಳ್ಕೊಂಡು ಬಂದೆನಲ್ಲಪ್ಪ!" ಪಿಯಾನೋ ಹೊರಟಿದ್ದು ಆ ತಂಗಿ ಗುಡ್ರುನ್‌ಳ ಮನೆಗೇ. ಹನ್ನೊಂದು ವರ್ಷದಿಂದ ಅಕ್ಕತಂಗಿಯರಿಗೆ ಮಾತಿಲ್ಲ; ತಂಗಿಯ ಮೊಮ್ಮಗಳು ಪತ್ರ ಬರೆದು ಕೇಳಿದ್ದಕ್ಕೆ ರೊಸ್ವಿತಾ ಪಿಯಾನೋ ಕಳಿಸುತ್ತಿದ್ದಳು.

"ಇದನ್ನ ಲಕೋಟೇಲಿ ಹಾಕಿ ಪಿಯಾನೋ ಮೇಲೆ ಅಂಟಿಸ್ಲಾ ಅಮ್ಮಾ?" ಎಂದ ಎಕ್‌ಹಾರ್ಟ್.

ರೊಸ್ವಿತಾ ಬ್ರೋಚನ್ನು ಅಂಗಿಯ ತೋಳಿಗೇ ಉಜ್ಜಿ ಹೊಳೆಯಿಸಿದಳು. "ಅಲ್ಲಿ ಇಳಿಸೋರೂ ಹೀಗೇ ಅಲುಗಿಸಿ ನೋಡ್ತಾರಾ?"

"ನೋಡದೆ ಬಿಡ್ತಾರಾ? ಸದ್ದು ಬಂದ್ರೆ ಮನೆಯೋರ ಮುಂದೇನೇ ಬಿಚ್ತಾರೆ."

"ಹಾಗಾದ್ರೆ ಇದ್ದಲ್ಲೇ ಹಾಕಪ್ಪ. ಅವಳ ಕಣ್ಣೆದುರಿಗೇ ಸಿಗಲಿ."

ಎಕ್‌ಹಾರ್ಟ್ ಮತ್ತೆ ಕಂಬಳಿ ಸುತ್ತಿದ, ಪಟ್ಟಿ ಬಿಗಿದ, ಅಲುಗಿಸಿ ಕಿವಿಗೊಟ್ಟ. ಟಣಕ್ ಎಂದಿತು.

"ಸರಿಯಾಗಿದೆ. ಹತ್ತಿಸ್ರೋ."