ಪಕ್ಷಮಾಸದ ಹನ್ನೊಂದು ಸೆಕೆಂಡು

ಸತ್ತವರು ಈಗ ಫೋನಿನಲ್ಲಿ ಮಾತಾಡುವುದು ಅವರವರ ವೆಬ್‌ಸೈಟಿಗೆ ಬರುವ ಜಾಹೀರಾತಿನ ದುಡ್ಡಿನಲ್ಲಿ; ದುಡ್ಡಿದ್ದಷ್ಟು ಹೊತ್ತು ಮಾತು. ನನ್ನ ಹೆಂಡತಿ ಸುಮಿತ್ರೆ ಬಿಟ್ಟುಹೋದದ್ದು ಒಂದು ರಂಗೋಲಿ ವೆಬ್‌ಸೈಟು. ಗೌರಿಹಬ್ಬದ ವಾರ ಊರಿನ ಹೆಂಗಸರೆಲ್ಲ ಅದನ್ನೇ ನೋಡಿದರು. ಸೀರೆಯಂಗಡಿ, ಚಿನ್ನದಂಗಡಿಗಳ ಜಾಹೀರಾತು ಮುತ್ತಿಕೊಂಡವು. ಸುಮಿತ್ರೆ ದಿನಕ್ಕೆ ನಲವತ್ತು ನಿಮಿಷ ಮಾತಾಡಿದಳು. “ಸ್ವಲ್ಪ ಸುಮ್ಮನಿರೆ, ಪೇಪರ್ ಓದಬೇಕು” ಎಂದು ನಾನೇ ರೇಗಿದ್ದೆ.

ಆಮೇಲೆ ಪಕ್ಷಮಾಸ ಬಂತು. ಈ ಹದಿನೈದು ದಿನ ಯಾರೂ ಚಿನ್ನ ಕೊಳ್ಳುವುದಿಲ್ಲ, ಹೊಸ ಸೀರೆ ತರುವುದಿಲ್ಲ. ಜಾಹೀರಾತೂ ಇಲ್ಲ. ಸತ್ತವರನ್ನು ನೆನೆಯಬೇಕಾದ ದಿನಗಳಲ್ಲೇ ಸತ್ತವರ ಬಾಯಿ ಕಟ್ಟುತ್ತದೆ. ಎಂಥಾ ದರಿದ್ರ ಏರ್ಪಾಡು!

ಇವತ್ತು ಅವಿಧವಾ ನವಮಿ, ಮುತ್ತೈದೆಯಾಗಿ ಹೋದವಳಿಗೆ ಶ್ರಾದ್ಧ ಮಾಡುವ ದಿನ. ಪುರೋಹಿತರು ಬರುವ ಮುಂಚೆ ಅವಳನ್ನು ಕರೆದೆ. ಸಿಕ್ಕಿದ್ದು ಹನ್ನೊಂದು ಸೆಕೆಂಡು. ರೇಗಿದ್ದು ತಪ್ಪಾಯಿತು ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು: “ರೀ, ಬಾಗಿಲಿಗೆ ರಂಗೋಲಿ ಹಾಕಿದ್ರಾ?”

ಇವತ್ತು ನಿನ್ನದೇ ಶ್ರಾದ್ಧ ಕಣೆ, ರಂಗೋಲಿ ಹಾಕುವ ಹಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

“ಹಾಕಿದೀನಿ ಕಣೆ” ಅಂದೆ.

“ನೀವಾ!” ಎಂದು ನಗತೊಡಗಿದಳು. ನಗು ಅರ್ಧಕ್ಕೇ ನಿಂತುಹೋಯಿತು.

ರಂಗೋಲಿ ಡಬ್ಬಿ ಹಿಡಿದು ಹೊಸ್ತಿಲ ಮುಂದೆ ಕೂತೆ. ಸೊಟ್ಟಸೊಟ್ಟವಾಗಿ ಚುಕ್ಕಿ ಇಡುತ್ತಿದ್ದಾಗ ಎದುರುಮನೆಯ ಶಕುಂತಲಮ್ಮ ಗಾಬರಿಯಿಂದ ಓಡಿಬಂದರು.

“ಅಯ್ಯೋ ರಾಯರೇ, ಶ್ರಾದ್ಧದ ದಿನ ಯಾರಾದ್ರೂ ರಂಗೋಲಿ ಹಾಕ್ತಾರಾ?”

ನಾನು ತಲೆ ಎತ್ತಲಿಲ್ಲ.

“ಹಾಕಿದೀನಿ ಅಂತ ಅವಳಿಗೆ ಹೇಳ್ಬಿಟ್ಟಿದೀನಿ, ತಾಯಿ.”