ನೀರು ತಾಗಿದ ಹಾರ

ಫ್ರಿಜ್ಜಿನೊಳಗೆ ಚಾಚಿದ ಮರಿಯಮ್ಮನ ಕೈ ಅಲ್ಲೇ ನಿಂತಿತು. ಡಬ್ಬಿಯಲ್ಲಿದ್ದ ಗುಲಾಬಿ ಹಾರ ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಎಸಳು ಬೆರಳಿಗೇ ಅಂಟಿಕೊಂಡು ಬಂತು.

ಹಾರ ಅವಳದಲ್ಲ. ಮಹಡಿಯಲ್ಲಿ ಬಾಡಿಗೆಗಿರುವ ಹೇಮಲತಾಳ ಮನೆಯದು. ತಮ್ಮ ಫ್ರಿಜ್ಜು ಕೆಟ್ಟಿದೆಯೆಂದು ಗುರುವಾರ ಡಬ್ಬಿ ಹಿಡಿದು ಕೆಳಗೆ ಬಂದಿದ್ದಳು.

"ಮದುವೆ ಹಾರ ಕಣ್ರೀ. ನಾಗಸಂದ್ರದಲ್ಲಿ ಒಬ್ರು ಹೂವು ಒಣಗಿಸಿ, ಗಾಜಿನ ಥರ ಗಟ್ಟಿಯಾಗೋ ರೆಸಿನ್‌ನಲ್ಲಿ ಕೂರಿಸಿ ಕೊಡ್ತಾರೆ. ಸೋಮವಾರ ತಗೊಂಡ್ ಹೋಗ್ತೀವಿ. ಒಂದು ಹನಿ ನೀರೂ ತಾಗಬಾರದಂತೆ."

"ಮದ್ವೆನಾ? ಯಾವಾಗಾಯ್ತು? ನಮ್ಗೊಂದ್ ಮಾತೂ ಇಲ್ಲ!"

"ಮನೆಮಟ್ಟಿಗೆ ಮಾಡಿದ್ವಿ," ಎಂದು ಹೇಮಲತಾ ನೆಲ ನೋಡಿದ್ದಳು.

ಮರಿಯಮ್ಮನಿಗೆ ಅಷ್ಟು ಸಾಕಾಗಿತ್ತು. ಹೇಮಲತಾಳ ಮಗಳು, ಪೀಣ್ಯದ ಕಂಪನಿಗೆ ಹೋಗುವ ಶಿವಾನಿ, ಯಾರನ್ನೋ ಕಟ್ಟಿಕೊಂಡಿರಬೇಕು. ಸಂಜೆ ತಾರಸಿಯಲ್ಲಿ ತನ್ನ ಜೊತೆಗೆ ಕೂರುತ್ತಿದ್ದ ಅವಳ ಅಜ್ಜಿ ಚನ್ನಬಸಮ್ಮನೂ ಈ ವಾರ ಕಾಣಿಸಿಕೊಂಡಿರಲಿಲ್ಲ. ಪಾಪ, ಮೊಮ್ಮಗಳು ಮಾಡಿದ್ದಕ್ಕೆ ಮುಖ ತೋರಿಸಲಾರದೆ ಒಳಗೇ ಕೂತಿರಬೇಕು.

ಕರೆಯದಿದ್ದರೇನು, ಹೆಣ್ಣುಮಗುವಿನ ಹಾರ, ಬಾಡಬಾರದು. ನೀರಿಲ್ಲದೆ ಹೂವು ಉಳಿದೀತೇ? ಹೂ ಮಾರುವವರು ಗಳಿಗೆಗೊಮ್ಮೆ ಚಿಮುಕಿಸುವುದಿಲ್ಲವೇ? ಬೆಳಿಗ್ಗೆ ಸಂಜೆ ಅಂಗೈಯಲ್ಲಿ ನೀರು ಹಿಡಿದು ಚಿಮುಕಿಸಿದಳು. ಒದ್ದೆ ಬಟ್ಟೆ ಹೊದಿಸಿ ಡಬ್ಬಿ ಬಿಗಿಯಾಗಿ ಮುಚ್ಚಿದಳು. ಅದರ ಫಲ ಈಗ ಎದುರಿಗಿತ್ತು.

ದಾಸರಹಳ್ಳಿಯ ಹೂವಿನಂಗಡಿಯಲ್ಲಿ ಇಂಥದೇ ಒಂದು ಸಿಗುತ್ತದೆ, ಯಾರಿಗೂ ಗೊತ್ತಾಗದು ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಅರ್ಧ ಹತ್ತುವಷ್ಟರಲ್ಲಿ, ಅವರು ಮದುವೆಯನ್ನೇಕೆ ಮುಚ್ಚಿಟ್ಟರೆಂಬುದೂ ಹೊಳೆಯಿತು. ತಾರಸಿಯಲ್ಲಿ ಕೂತು ತಾನು ಯಾರನ್ನು ಆಡಿಕೊಳ್ಳದೆ ಬಿಟ್ಟಿದ್ದಳು? ಹಿಂದಿನ ಬೀದಿಯ ಟೀಚರು ಗಂಡ ಸತ್ತಮೇಲೆ ಇನ್ನೊಬ್ಬರ ಕೈ ಹಿಡಿದಾಗ, ಎದುರುಮನೆಯ ಹುಡುಗಿ ಮನೆಯವರನ್ನು ಕೇಳದೆ ತಾಳಿ ಕಟ್ಟಿಸಿಕೊಂಡು ಬಂದಾಗ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಚನ್ನಬಸಮ್ಮ ಒಮ್ಮೆಯೂ ಜೊತೆಗೆ ನಗಲಿಲ್ಲ. ಕಡಲೆಕಾಯಿ ಸುಲಿದು ಸುಲಿದು ಇವಳ ಅಂಗೈಗೆ ಹಾಕುತ್ತಿದ್ದಳು, ಅಷ್ಟೆ.

ಬಾಗಿಲು ತೆಗೆದವಳು ಶಿವಾನಿ.

"ನಿನ್ ಹಾರ ಹಾಳ್ ಮಾಡ್ಬುಟ್ಟೆ ಕಣವ್ವಾ," ಎಂದಳು ಮರಿಯಮ್ಮ. "ನೀರಾಕ್ಬ್ಯಾಡಿ ಅಂದಿದ್ರೂ ಆಕ್ದೆ. ನನ್ನ ಈ ಬಾಯ್ಗೆ ಎದುರ್ಕೊಂಡು ತಾನೇ ನೀವು ಮದ್ವೆ ಮುಚ್ಚಿಟ್ಟಿದ್ದು? ಯಾರ್ ಕೈ ಇಡ್ದಿದ್ರೂ ಚೆಂದಾಗ್ ಬಾಳವ್ವಾ..."

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಡಬ್ಬಿಯನ್ನು ಮುಂದೆ ಚಾಚಿದಳು.

ಶಿವಾನಿ ಡಬ್ಬಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದಳು. "ನನಗೆಲ್ಲಿ ಮದುವೆ ಆಂಟಿ? ಗಂಡು ಇದ್ರೆ ನೀವೇ ಹುಡುಕ್ಕೊಡಿ," ಎಂದು ಡಬ್ಬಿಯನ್ನು ಮೆಲ್ಲಗೆ ಇಸಿದುಕೊಂಡಳು. ಆಮೇಲೆ ಒಳಕೋಣೆಯ ಕಡೆ ತಿರುಗಿ ಕೂಗಿದಳು:

"ಅಜ್ಜೀ, ಇನ್ನಾದ್ರೂ ಹೊರಗೆ ಬಾ. ನಿನ್ನ ಮದುವೆ ಹಾರ ಬಂದಿದೆ. ಮರಿಯಮ್ಮ ಆಂಟಿ ನಗ್ತಿಲ್ಲ, ಅಳ್ತಿದಾರೆ."