ಕೆಂಪು ಗಾಡಿಯ ಕಾವಲು

ಉಜೈರ್ ಮತ್ತೆ ಗಾಡಿಯ ಫೋಟೊ ತೆಗೆದ. ಈ ಸಲ ನಂಬರ್ ಪ್ಲೇಟಿನದು.

ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ ಮಹೇಂದ್ರ ಕುತ್ತಿಗೆ ಉದ್ದ ಮಾಡಿ ನೋಡಿದ. ಬೆಳಿಗ್ಗೆ ಚಾಸಿಸ್ ನಂಬರಿನ ಫೋಟೊ ಆಗಿತ್ತು. ಗಾಡಿ ಕದಿಯುವವನಿಗಲ್ಲದೆ ಮೆಕ್ಯಾನಿಕ್ಕಿಗೆ ಅದೆಲ್ಲ ಯಾಕೆ?

ಕದಿಯುವಂಥ ಗಾಡಿಯೇ ಅನ್ನಿ. ಎರಡೇ ಬಾಗಿಲು, ನೆಲ ನೆಕ್ಕುವಷ್ಟು ತಗ್ಗು, ಕಣ್ಣು ಕುಕ್ಕುವ ಕೆಂಪು. ಯಲಹಂಕದಲ್ಲಿ ಸ್ಟಾರ್ಟ್ ಮಾಡಿದರೆ ಹೆಬ್ಬಾಳದ ಫ್ಲೈಓವರಿನ ಮೇಲಿನವರು ದಾರಿ ಬಿಡುತ್ತಿದ್ದರು. ಅದರ ಸದ್ದಿಗೆ ಪಕ್ಕದ ಮನೆಯ ನೀಲಕ್ಕನ ಹಾಲು ಒಲೆ ಹಚ್ಚದೆಯೇ ಉಕ್ಕುತ್ತಿತ್ತು. ಮಹೇಂದ್ರ ಅದರ ಕೀಲಿಯನ್ನು ಕಟ್ಟಿಕೊಂಡ ಹೆಂಡತಿ ವನಿತಾಳಿಗೂ ಕೊಟ್ಟವನಲ್ಲ.

ಗ್ಯಾರೇಜುಗಳೆಂದರೆ ಅವನಿಗೆ ಆಗುತ್ತಿರಲಿಲ್ಲ. ಗಾಡಿ ಬಿಟ್ಟು ಬೆನ್ನು ತಿರುಗಿಸಿದರೆ ಸಾಕು, ಒಳಗಿನ ಒಳ್ಳೆಯ ಸಾಮಾನು ಬಿಚ್ಚಿಕೊಂಡು ಗುಜರಿಯದನ್ನು ತುರುಕುತ್ತಾರೆ. ಹಾಗಾಗಿಯೇ ಎಂಜಿನ್ನಿಗೆ ಗಾಳಿ ಒತ್ತಿ ಹುಚ್ಚು ವೇಗ ಕೊಡುವ ಸೂಪರ್‌ಚಾರ್ಜರ್ ಕೂಡ ಮನೆಯ ಪೋರ್ಟಿಕೋದಲ್ಲೇ, ತನ್ನ ಕಣ್ಣೆದುರೇ ಕೂರಬೇಕೆಂದು ಹಟ ಹಿಡಿದಿದ್ದ. ಆರ್.ಟಿ. ನಗರದಲ್ಲಿ ಗ್ಯಾರೇಜಿಟ್ಟಿದ್ದ ಉಜೈರ್ ತಾನಾಗಿಯೇ ಮೆಸೇಜು ಹಾಕಿದ್ದ: ‘ನಿಮ್ಮ ರೀಲ್ಸ್ ನೋಡಿದೆ ಸರ್. ಈ ಗಾಡಿಗೆ ಸೂಪರ್‌ಚಾರ್ಜರ್ ಹಾಕಿದ್ರೆ ವಿಮಾನ. ಮನೆಗೇ ಬಂದು ಮಾಡಿಕೊಡ್ತೀನಿ.’

ತಾನಾಗಿಯೇ! ಆಗಲೇ ಅನುಮಾನ ಬರಬೇಕಿತ್ತು.

ಕೆಲಸವೇನೋ ದೇವಲೋಕದ್ದು. ಡ್ಯಾಶ್‌ಬೋರ್ಡಿನ ಮೇಲೆ ಗಾಳಿಯ ಒತ್ತಡಕ್ಕೊಂದು, ಆಯಿಲ್ ಒತ್ತಡಕ್ಕೊಂದು ಗೇಜು ಕೂರಿಸಿದ್ದ. ಹಗಲಲ್ಲೂ ಅವು ಹುಲಿಯ ಕಣ್ಣಿನಂತೆ ಉರಿಯುತ್ತಿದ್ದವು. ಸೂಪರ್‌ಚಾರ್ಜರ್ ಬೆಲ್ಟು ಬಿಗಿದುಕೊಂಡು ಎಂಜಿನ್ನಿನ ಪಕ್ಕ ಕೂತಾಗಿತ್ತು. ಆದರೆ ಮನುಷ್ಯ ನಗುತ್ತಿರಲಿಲ್ಲ. ಹಂಚು ಕಾದು ದೋಸೆ ಹುಯ್ಯಬಹುದಾದಂಥ ಬಿಸಿಲಿನಲ್ಲೂ ವನಿತಾ ಕೊಟ್ಟ ನೀರು ಮುಟ್ಟಲಿಲ್ಲ. ಟೀ ಕೆನೆಗಟ್ಟಿತ್ತು.

“ರೋಜಾ ಉಪವಾಸ ಏನೋ?” ಎಂದ ಮಹೇಂದ್ರ.

“ಇಲ್ಲ ಸರ್. ಕೆಲ್ಸ ಮುಗೀಲಿ.”

ಆಮೇಲೆ ಫೋನು ಬಂತು. ಉಜೈರ್ ಗೇಟಿನ ಕಡೆ ಹೋಗಿ ದನಿ ತಗ್ಗಿಸಿದ. “ಹೌ ಅಮ್ಮೀ. ಲಾಲ್ ಗಾಡೀಚ್. ಆಜ್ ಖೋಲ್ತೂಂ.”

ಅಷ್ಟು ಉರ್ದು ಮಹೇಂದ್ರನಿಗೂ ಬರುತ್ತಿತ್ತು. ಕೆಂಪು ಗಾಡಿಯೇ, ಇವತ್ತು ಬಿಚ್ಚುತ್ತೇನೆ. ತಾಯಿ ಮಗ ಸೇರಿ ನಡೆಸುವ ಕಳ್ಳರ ಗುಂಪು! ಅವನು ಒಳಗೆ ನುಗ್ಗಿ, ಪೊಲೀಸ್ ಸ್ಟೇಷನ್ನಿನಲ್ಲಿದ್ದ ಸೋದರಮಾವ ಆನಂದಪ್ಪನಿಗೆ ಫೋನು ಹಚ್ಚಿದ.

“ಮಾವ, ಗಾಡಿ ಕಳ್ಳ. ಮನೇಲೇ ಅವ್ನೆ!”

“ಬಿಡಬ್ಯಾಡ ಕಣ್ಲಾ. ಏನಾರ ಮಾತಾಡಿಸ್ತಾ ಇರು. ಈಗ್ಲೇ ಬಂದೆ.”

ಮಾತಾಡಿಸುವ ಕೆಲಸ ಮಹೇಂದ್ರನಿಗೆ ಹೇಳಿಕೊಡಬೇಕೇ? ಅವನು ಬಾಯಿ ತೆರೆದರೆ ಆಕಾಶಕ್ಕೇ ಚಪ್ಪರ. ಹೊರಗೆ ಬಂದಾಗ ಉಜೈರ್ ಗಾಡಿಯ ಮುಂದೆ ಮಂಡಿಯೂರಿದ್ದ.

“ಗಾಳಿ ತಣ್ಣಗೆ ಮಾಡೋ ಜಾಲರಿ ಬಂಪರ್ ಹಿಂದೆ ಕೂರ್ಬೇಕು ಸರ್. ಬಂಪರ್ ಬಿಚ್ಬೇಕು. ಮುಂಚೆ ಯಾರಾದ್ರೂ ಬಿಚ್ಚಿದ್ರಾ?”

“ಯಾವನ್ಗೋ ಧೈರ್ಯ? ನನ್ ಗಾಡಿ ಕಬ್ಬಿಣ ಅಲ್ಲ ಮಗಾ, ವಜ್ರ. ಹೋದ್ ಚಳಿಗಾಲ, ಬಾಗಲೂರ್ ರೋಡು, ಬೆಳಗಿನ್ ಜಾವ. ಮಂಜು ಅಂದ್ರೆ ಮಂಜು, ಸ್ಟೇರಿಂಗ್ ಮೇಲಿದ್ದ ನನ್ ಕೈಯೇ ನಂಗ್ ಕಾಣ್ತಿಲ್ಲ. ಹಂದಿ ಅಡ್ಡ ಬಂತು, ಎಮ್ಮೆ ಸೈಜು! ಢಮಾರ್! ಗಾಡಿ ಒಂಚೂರ್ ಅಲ್ಲಾಡ್ಲಿಲ್ಲ.”

ಸ್ಪ್ಯಾನರು ನಿಂತಿತು.

“ಇಳಿದು ನೋಡಿದ್ರಾ ಸರ್?”

“ಹಂದಿಗೆಲ್ಲ ಯಾರ್ ಇಳೀತಾರೆ ಗುರು?”

“ಕೂಗ್ತಾ?”

“ಕೂಗೋಕೆ ಟೈಮ್ ಎಲ್ ಕೊಟ್ಟೆ!” ಮಹೇಂದ್ರ ತೊಡೆ ತಟ್ಟಿಕೊಂಡು ನಕ್ಕ. “ಮಾಕಳೀಲಿ ಒಬ್ಬ ಹೊರಗಿಂದ್ಲೇ ತಟ್ಟಿ ಬಣ್ಣ ಹೊಡ್ದ. ಬಿಚ್ತೀನಿ ಅಂದ, ಬಿಡ್ಲಿಲ್ಲ. ನಿಮ್ ಜಾತಕ ನಂಗೊತ್ತಿಲ್ವಾ? ಬಿಚ್ಚಿದ್ರೆ ಒಳಗಿಂದು ಮಾಯ.”

“ಒಳ್ಳೇದು ಮಾಡಿದ್ರಿ ಸರ್,” ಎಂದ ಉಜೈರ್. ಎದ್ದುನಿಂತು ಕೈ ಚಾಚಿದ. “ಕೀ ಕೊಡಿ. ಗೇಜ್ ಚೆಕ್ ಮಾಡ್ಬೇಕು.”

ಮಾವ ಬರುವವರೆಗೆ ಅನುಮಾನ ತೋರಿಸುವಂತಿರಲಿಲ್ಲ. ಮಹೇಂದ್ರ ಜನ್ಮದಲ್ಲಿ ಮೊದಲ ಸಲ ಕೀಲಿ ಕೈ ಬಿಟ್ಟ. ಉಜೈರ್ ಗೇಜಿನ ಹತ್ತಿರವೂ ಸುಳಿಯಲಿಲ್ಲ. ಕೀಲಿಯನ್ನು ನೇರ ತನ್ನ ಜೇಬಿಗೆ ಹಾಕಿಕೊಂಡು, ಗೇಟು ಮುಚ್ಚಿ ಬಂದು, ಬಂಪರಿನ ಕೊನೆಯ ಬೋಲ್ಟು ತಿರುಗಿಸಿದ. ಟಾರ್ಚು ಬಿಟ್ಟು ಒಳಗೆ ನೋಡಿದ. ಬಹಳ ಹೊತ್ತು ನೋಡಿದ. ಚಾಚಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡ.

ಮಹೇಂದ್ರ ಕುರ್ಚಿಯಿಂದ ಜಿಗಿದೆದ್ದ. “ಏನೋ ಅದು? ಕೀ ಕೊಡೋ!”

“ನೀವು ಅಲ್ಲೇ ಕೂತ್ಕೊಳಿ.” ಈಗ ಮಾತಿನಲ್ಲಿ ‘ಸರ್’ ಇರಲಿಲ್ಲ. ಸ್ಪ್ಯಾನರು ಕೈಯಲ್ಲೇ ಇತ್ತು.

ಅಷ್ಟರಲ್ಲಿ ಜೀಪು ಬಂತು. ಮಹೇಂದ್ರನಿಗೆ ಹೋದ ಜೀವ ಬಂತು. “ಇವ್ನೇ ಮಾವ! ಜೇಬಲ್ಲಿ ನನ್ ಕೀ ಐತೆ, ಫೋನಲ್ಲಿ ನಂಬರ್ ಪ್ಲೇಟ್ ಐತೆ, ಹಿಡ್ಕೊಳಿ!”

ಆನಂದಪ್ಪ ಉಜೈರನ ಕಾಲರಿಗೆ ಕೈ ಹಾಕಿದ. ಉಜೈರ್ ಕೊಸರಾಡಲಿಲ್ಲ. ಸ್ಪ್ಯಾನರು ಕೆಳಗಿಟ್ಟು, ಕೀಲಿಯನ್ನು ತಾನೇ ತೆಗೆದು ಆನಂದಪ್ಪನ ಅಂಗೈಯಲ್ಲಿಟ್ಟ.

“ನಾನೇ ಫೋನ್ ಮಾಡೋಣ ಅಂತಿದ್ದೆ ಸರ್. ಒಳಗೆ ನೋಡಿ. ನಾನು ಕೈ ಹಾಕಿಲ್ಲ.”

ಆನಂದಪ್ಪ ಬಗ್ಗಿದ. ಟಾರ್ಚಿನ ಬೆಳಕಿನಲ್ಲಿ, ರೇಡಿಯೇಟರಿನ ಮುಂದಿನ ಕಬ್ಬಿಣದ ಸಂದಿಗೆ ಒಂದು ಕನ್ನಡಕದ ಕಾಲು ಕಚ್ಚಿಕೊಂಡಿತ್ತು. ಮಡಚುವ ಕಡೆ ಮುರಿದಿದ್ದ ಅದಕ್ಕೆ ಯಾರೋ ತೆಳುವಾದ ತಾಮ್ರದ ತಂತಿಯನ್ನು ಒತ್ತೊತ್ತಾಗಿ, ಬಲು ಅಚ್ಚುಕಟ್ಟಾಗಿ ಸುತ್ತಿದ್ದರು. ಆನಂದಪ್ಪ ಎದ್ದು ನಿಂತಾಗ ಸೋದರಳಿಯನ ಮುಖ ನೋಡಲಿಲ್ಲ.

“ಆ ತಂತಿ ಸುತ್ತಿದ್ದು ನಾನೇ ಸರ್,” ಎಂದ ಉಜೈರ್. “ಹೋದ ಚಳಿಗಾಲ ಬಾಗಲೂರು ರೋಡಲ್ಲಿ ಅಪ್ಪನ ಹೆಣದ ಪಕ್ಕ ಕೆಂಪು ಬಣ್ಣದ ಚೂರಷ್ಟೇ ಸಿಕ್ಕಿತ್ತು. ಅವತ್ತು ನಮ್ಮಬ್ಬಾ ಬೆಳಗಿನ ನಮಾಜಿಗೆ ಅದನ್ನ ಹಾಕ್ಕೊಂಡೇ ಹೊರಟಿದ್ರು.”